ಹರಿಯದ ದಾರ

ನರೇಗಲ್ಲಿನಲ್ಲಿ ಮಗು ಹುಟ್ಟಿದರೆ ಹೆಸರು ಹುಡುಕುವ ಮೊದಲು ಉಡದಾರಕ್ಕೆಂದು ಮೋದಿನಸಾಬನ ಅಂಗಡಿಗೆ ಬರುತ್ತಿದ್ದರು. ಯಾರ ಮನೆಯ ಕೂಸಾದರೇನು, ಸೊಂಟ ಬರಿದಾಗಿರಬಾರದು. ಮೋದಿನಸಾಬ ಪಟವೇಗಾರ. ರೇಷ್ಮೆ ಎಳೆ ಹೊಸೆದು ಉಡದಾರ, ತಾಯಿತದ ದಾರ, ಗೊಂಡೆ ಕಟ್ಟುವುದು ಅವನ ಮನೆತನದ ಕಸುಬು. ಗಿರಾಕಿಯ ಕೈಗೆ ದಾರ ಕೊಟ್ಟು, "ಜಗ್ಗಿ ನೋಡ್ರಿ, ನಾಚಬ್ಯಾಡ್ರಿ. ನಮ್ಮ ದಾರ ಹರಿಯಂಗಿಲ್ಲ" ಎನ್ನುತ್ತಿದ್ದ. ಜಗ್ಗಿದವರ ಬೆರಳು ಕೆಂಪಾಗುತ್ತಿತ್ತೇ ಹೊರತು ದಾರಕ್ಕೆ ಏನೂ ಆಗುತ್ತಿರಲಿಲ್ಲ. ಜೊತೆಗೆ ಒಂದು ಬುದ್ಧಿಮಾತೂ ಪುಕ್ಕಟೆ: "ಕೂಸು ಬೆಳದಂಗ ಬಿಚ್ಚಿ ಬ್ಯಾರೇದು ಕಟ್ರಿ, ಮರೀಬ್ಯಾಡ್ರಿ."

ಅಂಗಡಿಯ ಕಟ್ಟೆಯ ಮೇಲೆ ಬೇಗಂ ಎಂಬ ಮಂಗ ಕೂತಿರುತ್ತಿತ್ತು. ಹಿಂದೊಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರ ಕರೆಂಟಿನ ತಂತಿ ತಗಲಿ ಒಂದು ತಾಯಿಮಂಗ ಸತ್ತುಬಿದ್ದಿತ್ತು. ಪಕ್ಕದ ಕಿರಾಣಿ ಅಂಗಡಿಯ ಗುರುಸಂಗಪ್ಪ ಮುಂದೆ ನಿಂತು, ಹನುಮಪ್ಪನ ಸ್ವರೂಪವೆಂದು ಹೂವು, ಭಜನೆ, ಹಲಗೆ ಸಮೇತ ಮೆರವಣಿಗೆ ಮಾಡಿಸಿ ಮಣ್ಣು ಕೊಡಿಸಿದ. ಸತ್ತ ತಾಯಿಗೆ ಇಷ್ಟೆಲ್ಲ ಆಯಿತು. ಅದರ ಹೊಟ್ಟೆ ಅವಚಿಕೊಂಡು ಬದುಕಿದ್ದ ಮರಿಗೆ ಒಂದು ಬಟ್ಟಲು ಹಾಲು ಕೊಡುವವರಿರಲಿಲ್ಲ. ಊರು ಅಂದರೆ ಹಾಗೇ. ಮೋದಿನಸಾಬ ಅದನ್ನು ಅಂಗಿಯೊಳಗೆ ಹಾಕಿಕೊಂಡು ಮನೆಗೆ ತಂದ.

ಹೆಂಡತಿ ಬಿಸ್ಮಿಲ್ಲಾ ಮೊದಲು ಹಣೆ ಹಣೆ ಬಡಿದುಕೊಂಡಳು, ಆಮೇಲೆ ಹತ್ತಿಯ ಬತ್ತಿ ಹಾಲಿನಲ್ಲಿ ಅದ್ದಿ ಚೀಪಿಸಿದಳು. ಹೆಣ್ಣುಕೂಸಿಗೆ ಮಾಡುವುದನ್ನೆಲ್ಲ ಅದಕ್ಕೂ ಮಾಡಿದರು. ಕಾಡಿಗೆ, ಸೊಂಟಕ್ಕೆ ಕರಿ ಉಡದಾರ, ಹಬ್ಬಕ್ಕೆ ಫ್ರಾಕು. ದೊಡ್ಡದಾದ ಮೇಲೆ ಕೊರಳಿಗೆ ಸರಪಳಿ ಬಂತು. ಗಿರಾಕಿ ಬಂದರೆ ಹಣೆಗೆ ಕೈಯೆತ್ತಿ ಸಲಾಮು ಹೊಡೆಯುವುದನ್ನು ಮೋದಿನಸಾಬ ಕಲಿಸಿದ. ಸಲಾಮು ನೋಡಲಿಕ್ಕೆಂದೇ ಬಂದವರೂ ನಾಚಿಕೆಗೆ ಒಂದು ಉಡದಾರ ಕೊಂಡು ಹೋಗುತ್ತಿದ್ದರು.

ಕಡೆಕಡೆಗೆ ಬೇಗಂ ಸಿಡುಕಾಯಿತು. ಮೈ ತೊಳೆಯಲು ಬಿಡುತ್ತಿರಲಿಲ್ಲ. ಒಂದು ದಿನ ಮೊಮ್ಮಗಳು ಗುಲ್ಷನ ಅದರ ಸೊಂಟ ತಬ್ಬಿ ಎತ್ತಿಕೊಳ್ಳಲು ಹೋದಾಗ ಅವಳ ತೋಳಿಗೆ ಬಾಯಿ ಹಾಕಿತು. ಮೋದಿನಸಾಬನಿಗೆ ಸಿಟ್ಟು ನೆತ್ತಿಗೇರಿತು. "ಉಂಡ ಮನಿಗೆ ಎರಡ ಬಗೀತೀಯಾ?" ಎಂದು ದಾರ ಅಳೆಯುವ ಕೋಲಿನಿಂದಲೇ ಬಾರಿಸಿದ. ಅದು ತಪ್ಪಿಸಿಕೊಳ್ಳಲಿಲ್ಲ. ಕೂತಲ್ಲೇ ಹಣೆಗೆ ಕೈಯೆತ್ತಿ ಸಲಾಮು ಹೊಡೆಯಿತು, ಮತ್ತೆ ಮತ್ತೆ ಹೊಡೆಯಿತು.

ಕಚ್ಚಿದ ಸುದ್ದಿ ಹಬ್ಬಿ, ಅರಣ್ಯ ಇಲಾಖೆಯವರು ಬಂದು, ಮಂಗ ಸಾಕುವುದು ಅಪರಾಧವೆಂದು ಹೇಳಿ ಬೇಗಂ ಅನ್ನು ಒಯ್ದರು. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಮಂಗಗಳ ಆಶ್ರಯಧಾಮವೊಂದಿತ್ತು. ಮನೆಯಲ್ಲಿ ಸಾಕಿದ, ಬೀದಿಯಲ್ಲಿ ಕುಣಿಸಿದ ಮಂಗಗಳನ್ನು ತಂದು, ಮತ್ತೆ ಗುಂಪಿನಲ್ಲಿ ಬಾಳುವುದನ್ನು ರೂಢಿ ಮಾಡಿಸುವ ಜಾಗ. ಕೆಲವು ದಿನಕ್ಕೆ ಅಲ್ಲಿಂದ ಹೇಳಿಕಳಿಸಿದರು. ಬೇಗಂ ಸರಿಯಾಗಿ ತಿನ್ನುವುದಿಲ್ಲ, ಯಾರನ್ನೂ ಮೈ ಮುಟ್ಟಗೊಡುವುದಿಲ್ಲ, ಸಾಕಿದವರು ಬಂದು ಹಿಡಿದುಕೊಂಡರೆ ಡಾಕ್ಟರು ನಿದ್ದೆಯ ಸೂಜಿ ಮಾಡಿ ನೋಡುತ್ತಾರೆ ಎಂದು.

ಮೋದಿನಸಾಬನ ಎದೆ ಉಬ್ಬಿತು. ನೋಡಿದಿರಾ, ಪ್ರೀತಿ ಅಂದರೆ ಇದು! ಬಿಸ್ಮಿಲ್ಲಾ ರೊಟ್ಟಿ, ಬೆಲ್ಲ ಕಟ್ಟಿಕೊಟ್ಟಳು. ಗುರುಸಂಗಪ್ಪ ತನ್ನ ಸ್ಕೂಟರ್ ಹೊರಗೆ ತೆಗೆದ. "ನಡಿ ಸಾಬಾ. ಮಂಗ್ಯಾನ್ನ ಕರಕೊಂಡ ಬರೂಣು. ನಮ್ಮ ಓಣಿ ಹನುಮಪ್ಪನ್ನ ಸೊರಗಿಸ್ಯಾರ ಅವರು."

ಆಶ್ರಯಧಾಮದಲ್ಲಿ ಬೇಗಂ ಒಂದು ಬೇರೆ ಪಂಜರದ ಮೂಲೆಯಲ್ಲಿ ಬಗ್ಗಿಕೊಂಡು ಕೂತಿತ್ತು. ಮೋದಿನಸಾಬನನ್ನು ಕಂಡದ್ದೇ ತಡ, ಕೈಯೆತ್ತಿ ಸಲಾಮು ಹೊಡೆಯಿತು.

"ನೋಡ್ರಿ ಬಾಯಾರ, ಹ್ಯಾಂಗ ಗುರ್ತ ಹಿಡೀತು!" ಎಂದ ಗುರುಸಂಗಪ್ಪ, ಪಕ್ಕದಲ್ಲಿ ನಿಂತ ಡಾಕ್ಟರಮ್ಮನಿಗೆ.

ಅಲ್ಲಿಯ ಡಾಕ್ಟರು ಅನ್ನಪೂರ್ಣೇಶ್ವರಿ ಎಂಬ ಹೆಣ್ಣುಮಗಳು. ನಗಲಿಲ್ಲ. "ಹಸಿವಾದ್ರ ಗೋಡಿಗೂ ಹಂಗ ಮಾಡ್ತೈತ್ರಿ" ಎಂದಳು.

ಮೋದಿನಸಾಬ ಒಳಗೆ ಹೋಗಿ ಕೂತ. ಬೇಗಂ ತಾನಾಗಿ ಬಂದು ಅವನ ಎದೆಗೆ ತಲೆಯಿಟ್ಟಿತು. ಅವನು ಹೆಗಲು ಹಿಡಿದುಕೊಂಡ. ಡಾಕ್ಟರು ಸೂಜಿ ಚುಚ್ಚಿದಳು. ಅದು ನಿದ್ದೆ ಹೋದ ಮೇಲೆ ಮೇಜಿನ ಮೇಲೆ ಮಲಗಿಸಿ, ಸೊಂಟದ ಕೂದಲು ಬೋಳಿಸಿದಾಗ ಕೆಟ್ಟ ವಾಸನೆ ಬಂತು. ಗುರುಸಂಗಪ್ಪ ಮೂಗಿಗೆ ಶಲ್ಯ ಹಿಡಿದ. ಸೊಂಟದ ಸುತ್ತ ಚರ್ಮ ಸೀಳಿ, ಅದರೊಳಗೆ ಒಂದು ಕರಿ ಗೆರೆ ಹೂತುಹೋಗಿತ್ತು.

"ದಾರ" ಎಂದಳು ಡಾಕ್ಟರು. "ಸಣ್ಣದಿದ್ದಾಗ ಕಟ್ಯಾರ. ಇದು ಬೆಳದೈತಿ, ದಾರ ಬೆಳದಿಲ್ಲ. ಸೊಂಟ ಮುಟ್ಟಿದ್ರ ಜೀವಾನ ಹೋದಂಗ ಆಗಿರಬೇಕು ಇದಕ್ಕ."

ಗುಲ್ಷನಳ ತೋಳು, ತನ್ನ ಕೈಯ ಕೋಲು, ಮತ್ತೆ ಮತ್ತೆ ಎದ್ದ ಆ ಪುಟ್ಟ ಕೈ ಮೋದಿನಸಾಬನ ಕಣ್ಣ ಮುಂದೆ ಬಂದವು. ರಕ್ತದಲ್ಲಿ ನೆನೆದಿದ್ದರೇನು, ತನ್ನ ಕೈಯ ಹೊಸೆತ ತನಗೆ ಗೊತ್ತಾಗದಿರುತ್ತದೆಯೇ?

ಡಾಕ್ಟರು ಕತ್ತರಿ ಹಾಕಿದಳು. ಜಾರಿತು. ಇನ್ನೊಮ್ಮೆ ಹಾಕಿದಳು. "ಇದೆಂಥಾ ದಾರರಿ, ಕತ್ತರಿಗೂ ಬಗ್ಗವಲ್ದು!"

ಜೀವಮಾನವೆಲ್ಲ ಕೇಳಿ ಹಿಗ್ಗಿದ ಮಾತು ಅದು. ಈಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಮ್ಮ ಸಾಬ ಅಂಥಾಂವ ಅಲ್ರಿ ಬಾಯಾರ" ಗುರುಸಂಗಪ್ಪ ದನಿಯೇರಿಸಿದ. "ಊರ ಮಕ್ಕಳಿಗೆಲ್ಲಾ ಉಡದಾರ ಮಾಡೋ ಕೈರಿ ಅದು. ಓಣ್ಯಾಗಿನ ಉಡಾಳ ಹುಡುಗ್ರು ಕಟ್ಟಿರಬೇಕು. ಹೌದಿಲ್ಲೋ ಸಾಬಾ?"

ಮೋದಿನಸಾಬ ಹೌದೆಂದು ತಲೆಯಾಡಿಸಿದ. ಐದು ಹೊತ್ತಿನ ನಮಾಜಿನ ತಲೆ ಅದು. ಎಷ್ಟು ಸಲೀಸಾಗಿ ಆಡಿತು!

ಕೊನೆಗೂ ದಾರ ತುಂಡಾಯಿತು. ಡಾಕ್ಟರು ಅದನ್ನು ಮೆಲ್ಲಗೆ ಬಿಡಿಸಿ ತೆಗೆದು ತಟ್ಟೆಗೆ ಹಾಕಿದಳು, ಗಾಯ ತೊಳೆದು ಹೊಲಿಗೆಯ ಸೂಜಿ ಕೈಗೆತ್ತಿಕೊಂಡಳು. ಮೋದಿನಸಾಬ ತಟ್ಟೆಯನ್ನೇ ನೋಡುತ್ತಿದ್ದ. ಅಲ್ಲಿದ್ದುದು ಒಂದೇ ಸುತ್ತು. ಎಳೆಗೂಸಿನ ಸೊಂಟದಿಂದ ಜಾರಬಾರದೆಂದು ಅವನು ಯಾವಾಗಲೂ ಎರಡು ಸುತ್ತು ಕಟ್ಟುತ್ತಿದ್ದ. ಇನ್ನೊಂದು ಒಳಗೇ ಇದೆ, ಇನ್ನೂ ಆಳದಲ್ಲಿ. ಅವಳೇ ನೋಡಲಿ ಎಂದು ಕಾದ. ಅವಳಿಗೆ ಕಾಣಲಿಲ್ಲ. ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು, ದಾರವೂ ಉಳಿಯುತ್ತಿತ್ತು. ಸೂಜಿ ಚರ್ಮಕ್ಕೆ ತಾಗುವ ಹೊತ್ತಿಗೆ ಅವನ ಬಾಯಿಂದ ಮಾತು ಹೊರಟಿತು.

"ಇನ್ನೊಂದ ಸುತ್ತ ಐತ್ರಿ."

"ನಿಮಗ ಹ್ಯಾಂಗ ಗೊತ್ತು?"

"ನಾನ ಕಟ್ಟೀನ್ರಿ." ಆಮೇಲೆ, ಯಾರೂ ಕೇಳದಿದ್ದರೂ, "ಬಿಚ್ಚೂದು ಮರತೆ. ನೋವಾಗಿ ಕಚ್ಚಿದ್ರ ಹೊಡದೆ" ಎಂದ.

ಡಾಕ್ಟರು ಬಯ್ಯುತ್ತಾಳೆಂದು ಕಾದ. ಅವಳು ಬಯ್ಯಲಿಲ್ಲ. ದೀಪ ಹತ್ತಿರಕ್ಕೆಳೆದು ಬಗ್ಗಿದಳು. "ಗಂಟು ಯಾವ ಕಡೆ ಐತಿ?" ಎಂದಷ್ಟೇ ಕೇಳಿದಳು. ಮಗುವಿಗೆ ಚುಚ್ಚಬಾರದೆಂದು ತುದಿಗಳನ್ನು ಒಳಗೆ ಮರೆಸುವ ಗಂಟು ಅದು. ಅವನು ಬೆನ್ನ ಕಡೆ ಬೆರಳಿಟ್ಟು ತೋರಿಸಿದ. ಅಲ್ಲೇ ಸಿಕ್ಕಿತು.

ಎಚ್ಚರವಾಗುತ್ತಲೇ ಬೇಗಂ ತೂಕಡಿಸುತ್ತ ಬಂದು ಅವನ ಗಡ್ಡದಲ್ಲಿ ಹೇನು ಹುಡುಕತೊಡಗಿತು. ಕಚ್ಚಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಮುಖ ತಿರುಗಿಸಿದ. ಅದು ಇನ್ನೊಂದು ಕೆನ್ನೆಯ ಕಡೆಗೆ ಬಂತು.

"ಗಾಯ ಮಾಯ್ದ ಮ್ಯಾಲೆ ಗುಂಪಿಗೆ ಬಿಡ್ತೀವಿ" ಎಂದಳು ಡಾಕ್ಟರು. "ನೀವು ಮತ್ತ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಅದು ಉಳದ ಮಂಗ್ಯಾಗಳ ಹತ್ರ ಹೋಗಂಗಿಲ್ಲ."

ಮೋದಿನಸಾಬ ರೊಟ್ಟಿಯ ಗಂಟನ್ನು ಅವಳ ಕೈಗೆ ಕೊಟ್ಟು ಹಿಂತಿರುಗಿ ನೋಡದೆ ಹೊರಬಂದ. ಮರಳಿ ಕರೆತರುವ ಮಾತನ್ನು ಅವನೂ ಎತ್ತಲಿಲ್ಲ, ಗುರುಸಂಗಪ್ಪನೂ ಎತ್ತಲಿಲ್ಲ. ನರೇಗಲ್ಲಿನ ಅಗಸಿ ಬಾಗಿಲ ಹತ್ತಿರ ಗುರುಸಂಗಪ್ಪ ಸ್ಕೂಟರ್ ನಿಲ್ಲಿಸಿ, "ನಾ ಯಾರ ಮುಂದೂ ಹೇಳಂಗಿಲ್ಲ ಸಾಬಾ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಾರುಕೋಲಿನ ಏಟು ಅದಕ್ಕಿಂತ ಹಗುರಾಗಿರುತ್ತಿತ್ತು.

ವಾರದ ಸಂತೆಯ ದಿನ ಶಿರೋಳದ ಕಡೆಯ ಹೆಣ್ಣುಮಗಳೊಬ್ಬಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಡಿಗೆ ಬಂದಳು. "ಸಾಬ್ರ, ಉಡದಾರ ಕೊಡ್ರಿ. ನಿಮ್ಮ ಹರಿಯಲಾರದ್ದು."

ಮೋದಿನಸಾಬ ರೇಷ್ಮೆಯ ಡಬ್ಬಿಗೆ ಕೈ ಹಾಕಲಿಲ್ಲ. ಬರಿ ನೂಲಿನದೊಂದು ತೆಗೆದುಕೊಟ್ಟ. ಅವಳು ರೂಢಿಯಂತೆ ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಪಟ್ಟನೆ ತುಂಡಾಯಿತು. ಪಕ್ಕದ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ ಗುರುಸಂಗಪ್ಪನ ಕೈ ನಿಂತಿತು.

"ಇದೇನ್ರಿ, ಹರದ ಹೋತಲ್ಲ!" ಅವಳು ನಕ್ಕಳು.

"ಹೌದು ತಂಗಿ" ಎಂದ ಮೋದಿನಸಾಬ, ಇನ್ನೊಂದು ನೂಲಿನ ಎಳೆ ಅಳೆಯುತ್ತ. "ನಾವು ಮರತ್ರೂ ಅದು ಹರೀಬೇಕು."