ಎರಡನೆಯದರ ಆತುರ

ಹಾಕಿದ್ದೆನೋ ಇಲ್ಲವೋ ಎಂಬ ಅನುಮಾನ ಬೆಳಗಿನಿಂದ ಅವಳ ತಲೆ ಕೊರೆಯುತ್ತಿತ್ತು. ಗ್ಯಾಸ್ ಆರಿಸಿದೆನೋ, ಬೀಗ ಹಾಕಿದೆನೋ ಎಂಬ ಜಾತಿಗೇ ಸೇರಿದ ಅನುಮಾನ. ಇಲ್ಲಿ, ಪ್ರಯೋಗಾಲಯದಲ್ಲಿ, ಹಾಕಬೇಕಾಗಿದ್ದದ್ದು ಮಾತ್ರ ಪ್ರತಿಕಾಯ, ಅಂದರೆ ಆಂಟಿಬಾಡಿ.

ಜೀವಕೋಶ ತಾನಾಗಿಯೇ ಸಾಯಲು ತೀರ್ಮಾನಿಸಿದಾಗ ಅದರೊಳಗಿನ ಒಂದು ಪ್ರೋಟೀನು ತುಂಡಾಗುತ್ತದೆ. ಆ ತುಂಡನ್ನು ಮೊದಲನೇ ಪ್ರತಿಕಾಯ ಹಿಡಿಯಬೇಕು. ಮೊದಲನೆಯದನ್ನು ಎರಡನೆಯದು ಹಿಡಿದು ಬೆಳಕು ಕೊಡಬೇಕು. ಆ ಬೆಳಕು ಪರದೆಯ ಮೇಲೆ ಕಪ್ಪು ಪಟ್ಟಿಯಾಗಿ ಮೂಡುತ್ತದೆ. ಬೆಳಕೇಕೆ ಕಪ್ಪಗಿರಬೇಕೆಂದು ಪ್ರಯೋಗಾಲಯಕ್ಕೆ ಸೇರಿದಾಗಿನಿಂದ ಅವಳು ಯಾರನ್ನೂ ಕೇಳಿರಲಿಲ್ಲ.

ಫ್ರಿಜ್ಜು ತೆರೆದು ನೋಡಿದಳು. ಮೊದಲನೆಯದರ ಹಳೇ ಕೊಳವೆ ಮೊನ್ನೆಯೇ ಬರಿದಾಗಿ ಕಸದ ಬುಟ್ಟಿ ಸೇರಿಯಾಗಿತ್ತು. ಹೊಸದರ ಸೀಲು ಒಡೆದೇ ಇರಲಿಲ್ಲ. ಅಂದರೆ ಪ್ರೋಟೀನು ಅಂಟಿಸಿದ ಪೊರೆ ರಾತ್ರಿಯೆಲ್ಲ ಹಾಲಿನಪುಡಿ ಕದಡಿದ ನೀರಿನಲ್ಲಿ, ಮೊದಲನೆಯದಿಲ್ಲದೆ, ಸುಮ್ಮನೆ ಮಲಗಿತ್ತು. ಬೆಳಿಗ್ಗೆ ಅದಕ್ಕೆ ಎರಡನೆಯದನ್ನು ಮಾತ್ರ ಹಾಕಿದ್ದಳು.

ಅಷ್ಟರಲ್ಲಿ ಪರದೆಯ ಮುಂದೆ ಕೂತಿದ್ದ ಅಕ್ಕ ಕರೆದಳು. ಅಕ್ಕ ಎಂದರೆ ಅಲ್ಲಿನ ಹಿರಿಯ ಸಂಶೋಧಕಿ, ಇವಳೊಡನೆ ಕೂತು ಊಟ ಮಾಡುವ ಒಬ್ಬಳೇ ಒಬ್ಬಳು.

"ಬಾರೇ ಇಲ್ಲಿ. ಎಂಥಾ ಪಟ್ಟಿ ಬಂದಿದೆ ನೋಡು. ಕೈಗುಣ ಅಂದ್ರೆ ಇದು."

ಪಟ್ಟಿ ಕಾಡಿಗೆ ತೀಡಿದಂತೆ ಕೂತಿತ್ತು. ಎರಡನೆಯದು ಮೊದಲನೆಯದಕ್ಕೆ ಕಾಯದೆ, ಮದುವೆಮನೆಯಲ್ಲಿ ಗುರುತಿಲ್ಲದವರನ್ನು ಅಪ್ಪಿಕೊಳ್ಳುವ ನೆಂಟರ ಹಾಗೆ, ಇನ್ಯಾವುದೋ ಪ್ರೋಟೀನನ್ನು ತಬ್ಬಿಕೊಂಡಿತ್ತು. ತನ್ನ ಔಷಧಿಯಿಂದ ಕ್ಯಾನ್ಸರ್ ಗಡ್ಡೆಯ ಕೋಶಗಳು ಸಾಯುತ್ತವೆ ಎಂಬ ಅಕ್ಕನ ಇಡೀ ಪ್ರಬಂಧ ನಿಂತಿದ್ದದ್ದು ಈ ಪಟ್ಟಿಯ ಮೇಲೆ. ಕೋಶಗಳು ಸತ್ತಿದ್ದವೋ, ಆರಾಮಾಗಿದ್ದವೋ, ಈಗ ಹೇಳುವವರಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಬಂದು ಬಗ್ಗಿ ನೋಡಿದರು. "ಯಾರು ಮಾಡಿದ್ದು? ನಮ್ಮ ಮೌನಗೌರಿನಾ?"

"ಅವಳೇ ಸರ್. ಪ್ರಬಂಧದಲ್ಲಿ ಅವಳ ಹೆಸರೂ ಸೇರಿಸೋಣ."

"ಸೇರಿಸು. ಮಾತಾಡದವರ ಹೆಸರು ಸೇರಿಸಿದ್ರೆ ತಕರಾರೂ ಇರಲ್ಲ. ಜರ್ನಲ್‌ಗೆ ಕಳಿಸಿಬಿಡಮ್ಮ, ಇನ್ನು ಯಾಕೆ ತಡ."

ಸುಮ್ಮನಿದ್ದರೆ ಹೆಸರೂ ಬರುತ್ತದೆ, ಮಧ್ಯಾಹ್ನದ ಜೊತೆಯೂ ಉಳಿಯುತ್ತದೆ. ಸುಮ್ಮನಿರುವುದಂತೂ ಅವಳಿಗೆ ನೀರು ಕುಡಿದಷ್ಟು ಸುಲಭ. ಅಕ್ಕ ಚಿತ್ರವನ್ನು ಪ್ರಬಂಧದೊಳಗೆ ಕೂರಿಸಿ, ಅಂಚು ಸರಿಮಾಡಿ, ಕಳಿಸುವ ಗುಂಡಿಯ ಹತ್ತಿರ ಬೆರಳು ಒಯ್ದಳು.

ಅವಳು ಬಾಯಿ ತೆರೆದಳು. ಮೊದಲು ಬಂದದ್ದು ಕೆಮ್ಮು.

"ಯಾಕೇ, ನೀರು ಬೇಕಾ?"

"ಬೇಡ. ಕಳಿಸ್ಬೇಡಿ ಅಕ್ಕ. ಮೊದಲನೇದನ್ನ ನಾನು ಹಾಕೇ ಇಲ್ಲ. ಆದ್ರೂ ಪಟ್ಟಿ ಬಂದಿದೆ."