ಕರಿಬು ಅಂದ ಕೈ

ಅನ್ನ ತಳ ಹತ್ತುತ್ತಾ ಇದೆ, ವಾಸನೆ ಬಂತು, ಹತ್ತಲಿ ಬಿಡು, ಇನ್ನು ಯಾರಿಗೆ ಬೇಕು ಅದು, ತಳಕ್ಕೆ ಕೆಂಪಗೆ ಅಂಟಿದ ಆ ಅನ್ನಕ್ಕೇ ಅಂತ ಬರ್ತಿದ್ದ ಕಿತ್ವಾನ, ಮೂಟೆ ಸಾಗಿಸೋ ತನ್ನ ತಳ್ಳುಗಾಡೀನ ಬಸ್ ಸ್ಟ್ಯಾಂಡಿನ ಬೇವಿನ ಮರಕ್ಕೆ ಒರಗಿಸಿ, ಸಿವೇಮ, ಕೆರೆದು ಹಾಕು, ಹಲ್ಲಿರೋ ತನಕ ತಿಂದುಬಿಡ್ತೀನಿ, ಅಂತ ನನ್ನ ಹೆಸರು ಹಿಡಿದು ಕೂಗೋನು, ನಾನು ಬೇಕಂತಲೇ ಉರಿ ಜಾಸ್ತಿ ಮಾಡ್ತಿದ್ದೆ, ಅವನಿಗೆ ಗೊತ್ತಿರಲಿಲ್ಲ, ಗೊತ್ತಿತ್ತೋ ಏನೋ — ಈ ಹೊಸ ಮಾರ್ಕೆಟ್ಟಿನ ಮೇಲ್ಮಹಡೀಲಿ ಗಾಳಿನೂ ಆಡಲ್ಲ, ಹೊಗೆ ಸೀದಾ ಕಣ್ಣಿಗೇ ಬರತ್ತೆ, ಸಾಲಾಗಿ ಸಿಮೆಂಟು ಕಟ್ಟೆಗಳು, ಒಂದೊಂದಕ್ಕೂ ನಂಬರು, ಮನುಷ್ಯರು ಮಾತ್ರ ಇಲ್ಲ, ಮೊದಲು ಟೊಮೇಟೊದವಳು ಹೋದ್ಲು, ಆಮೇಲೆ ಚಪ್ಪಲಿಯವನು, ಆಮೇಲೆ ಎದುರುಗಡೆ ಊಟ ಮಾರ್ತಿದ್ದವಳು ಚೌಸಿಕು, ಎಲ್ಲಾ ವಾಪಸ್ಸು ಬಸ್ ಸ್ಟ್ಯಾಂಡಿಗೆ, ನಗರಸಭೆಯವರು ಎಲ್ಲಿಂದ ನಮ್ಮನ್ನ ಎಬ್ಬಿಸಿದ್ರೋ ಅಲ್ಲಿಗೇ, ಕದ್ದುಮುಚ್ಚಿ. ನಾನೊಬ್ಬಳು ಉಳಿದೆ, ಕತ್ತಿಗೆ ಅವರು ಕೊಟ್ಟ ಕಾರ್ಡು ತೂಗುಹಾಕ್ಕೊಂಡು, ಫೋಟೋದಲ್ಲಿ ನಗ್ತಾ ಬೇರೆ ಇದೀನಿ, ಹುಚ್ಚಿ. ತಾಯಿ, ಹೊಸ ಮಾರ್ಕೆಟ್ಟಲ್ಲಿ ನೆರಳಿದೆ, ನಲ್ಲಿ ಇದೆ, ನಿಮ್ಮ ಗಿರಾಕಿಗಳು ನಿಮ್ಮ ಹಿಂದೇನೇ ಬರ್ತಾರೆ, ಅಂದ ಆ ಆಫೀಸಿನವನು — ಯಾಕೆ ಬರ್ತಾರೆ, ಬಸ್ಸು ನಿಲ್ಲೋದು ಅಲ್ಲಿ, ಒಂದು ತಟ್ಟೆ ಅನ್ನಕ್ಕೆ ಯಾರು ಇಷ್ಟು ದೂರ ಬಂದು ಮೆಟ್ಟಿಲು ಹತ್ತುತಾರೆ, ಒಬ್ಬ ಹತ್ತಿದ, ಕಿತ್ವಾನ ಹತ್ತಿದ, ಗಾಡಿ ಕೆಳಗೆ ಬಿಟ್ಟು, ಏದುಸಿರು ಬಿಡ್ತಾ, ಇಷ್ಟು ಎತ್ತರದಲ್ಲಿ ಒಲೆ ಹೂಡಿದ್ರೆ ದೇವರೇ ಬಂದು ಉಣ್ಣಬೇಕು ಕಣೇ, ಅಂತ ನಗಿಸಿದ, ದಿನಾ ಬಂದ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಎದೆ ಹಿಡ್ಕೊಂಡಂಗಾಗತ್ತೆ ಅಂದ, ಆಮೇಲೆ ಇಲ್ಲ. ಒಬ್ಬನೇ ಇರೋ ಗಂಡಸು, ಜ್ವರ ಬಂದು ಬಿದ್ದಿದಾನೋ ಏನೋ, ನೀರು ಕೊಡೋರೂ ಇಲ್ಲ ಅಂತ ರಾತ್ರಿಯೇ ಕಾಳು ನೆನೆಹಾಕಿ, ಇವತ್ತು ಬೆಳಿಗ್ಗೆ ಡಬ್ಬಿ ಕಟ್ಕೊಂಡು ಹೊರಟೆ, ತೆಂಗಿನ ಹಾಲಲ್ಲಿ ಬೇಯಿಸಿದ ಕಾಳು, ಮೇಲೆ ಆ ಕೆಂಪು ಅನ್ನ.

ಬಸ್ ಸ್ಟ್ಯಾಂಡಲ್ಲಿ ಇಳಿದೆ, ನಮ್ಮ ಬೇವಿನ ಮರ ಇಲ್ಲ, ನಾವು ಕೂತಿದ್ದ ಜಾಗದಲ್ಲಿ ಗಾಜಿನ ಬಾಗಿಲಿನ ಕೋಳಿ ಅಂಗಡಿ, ನಾವು ಕೂತ್ರೆ ಊರು ಗಲೀಜು, ಅವರು ಕೂತ್ರೆ ಊರಿಗೆ ಕಳೆ, ಥೂ — ಅದರ ಹಿಂದೆ ಹರಕು ಕೊಡೆ ಕೆಳಗೆ ಚೌಸಿಕು, ಜಾಣೆ, ಒಲೆ ಪಾತ್ರೆ ಎಲ್ಲಾ ತಳ್ಳುಗಾಡಿ ಮೇಲೇ ಇಟ್ಕೊಂಡಿದಾಳೆ, ನಗರಸಭೆಯವರು ಬಂದ್ರು ಅಂತ ಸೀಟಿ ಬಿದ್ದ ಕೂಡಲೇ ತಳ್ಕೊಂಡು ಓಡಕ್ಕೆ, ಜನ ಮುತ್ತಿಕೊಂಡಿದಾರೆ, ಉರೀತು ನನಗೆ, ಸುಳ್ಳು ಯಾಕೆ ಹೇಳ್ಲಿ, ಆಮೇಲೆ ಗಾಡಿ ಹಿಡಿ ನೋಡಿದೆ, ಹಸಿರು ಬಟ್ಟೆ ಸುತ್ತಿದೆ, ಬೊಬ್ಬೆ ಬರತ್ತೆ ಅವನ ಕೈಗೆ ಅಂತ ನಾನು ಹೊದೀತಿದ್ದ ಹಳೇ ಕಾಂಗಾ ಹರಿದು ನಾನೇ ಸುತ್ತಿದ ಬಟ್ಟೆ. ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿತ್ವಾನ ಉಣ್ತಿದಾನೆ, ಜ್ವರ ಇಲ್ಲ ಎಂಥದೂ ಇಲ್ಲ, ಕೆನ್ನೆ ತುಂಬ್ಕೊಂಡಿದೆ, ತಲೆ ಎತ್ತಿದ, ನನ್ನ ಕಂಡ, ಅನ್ನ ಹಿಡಿದಿದ್ದ ಕೈನ ಹಾಗೇ ಮೇಲಕ್ಕೆ ಎತ್ತಿದ, ಕರಿಬು, ಅಂದ, ಬಾ ಊಟಕ್ಕೆ. ಹೊಟ್ಟೆ ತುಂಬಿದೆ, ಚೆನ್ನಾಗಿ ಉಣ್ಣು, ಅಂದೆ, ಅದಕ್ಕೆ ಅದೇ ಉತ್ತರ, ಎಲ್ಲರೂ ಹೇಳೋದೇ, ಡಬ್ಬೀನ ಕಾಂಗಾ ಒಳಗೆ ಮುಚ್ಚಿಕೊಂಡೆ, ಬಿಸಿ ಚುರುಚುರು ಅಂತಿತ್ತು ಹೊಟ್ಟೆಗೆ. ಏನಕ್ಕಾ, ಸರ್ಕಾರದ ಸೊಸೆ ಬೀದಿಗೆ ಬಂದುಬಿಟ್ಟೆಯಲ್ಲ, ಅಂತ ಚೌಸಿಕು, ಇಲ್ಲೇ ಪಕ್ಕದಲ್ಲಿ ಒಲೆ ಹೂಡು ಅಕ್ಕಾ, ಅವರು ಬಂದ್ರೆ ಇಬ್ಬರೂ ಒಟ್ಟಿಗೆ ಓಡೋಣ, ಅವಳ ಮಾತಲ್ಲಿ ಕುಹಕ ಇರಲಿಲ್ಲ, ಇದ್ದಿದ್ರೆ ಚೆನ್ನಾಗಿತ್ತು, ಬೈದು ಬರಬಹುದಿತ್ತು. ಓಡೋದಾ, ಈ ಮಂಡೀಲಾ, ನಾನು ಕಾನೂನಿಗೆ ಹೆದರಿ ಮೇಲೆ ಕೂತಿದೀನಿ ಅಂದ್ಕೊಂಡಿದಾರೆ ಎಲ್ಲರೂ, ಹೋದ ಸಲ ಓಡಿದಾಗ ಬಿದ್ದು ಊದಿದ್ದು ಇನ್ನೂ ಇಳಿದಿಲ್ಲ, ಅದನ್ನ ಯಾರಿಗೂ ಹೇಳಿಲ್ಲ, ಓಡಕ್ಕಾಗದ ಹೆಂಗಸಿನ ಒಲೆ ಪಕ್ಕ ಯಾರು ಕೂರ್ತಾರೆ. ನಕ್ಕೆ, ಬಸ್ಸು ಹತ್ತಿ ಬಂದೆ.

ಕರಿಬು ಅಂದನಲ್ಲ — ಅನ್ನಲೇಬೇಕು, ಉಣ್ತಾ ಇರೋನು ಎದುರು ಬಂದೋರಿಗೆಲ್ಲ ಅನ್ನಬೇಕು, ಸುಂಕದವನಿಗೂ, ಗುರುತೇ ಇಲ್ಲದ ಪರಊರಿನವನಿಗೂ, ಮನೆಯವರಿಗೆ ಯಾರಾದ್ರೂ ಅಂತಾರಾ, ಮರದ ಕೆಳಗೆ ಇಷ್ಟು ವರ್ಷ ನನ್ನ ಕೈಯಿಂದ ತಟ್ಟೆ ಇಸ್ಕೊಂಡ, ಒಂದು ದಿನವೂ ಆ ಮಾತು ನನಗೆ ಅನ್ನಲಿಲ್ಲ, ಹೆಸರು ಹಿಡಿದು ಕೂಗ್ತಿದ್ದ, ಕೆರೆದು ಹಾಕು ಅಂತಿದ್ದ, ಇವತ್ತು ಹೆಸರೂ ಇಲ್ಲ, ಡಬ್ಬಿ ಯಾರಿಗೆ ಅಂತ ಕೇಳಿದ್ನಾ, ಕೇಳಲಿಲ್ಲ, ಕೈ ಎತ್ತಿದ, ಬೆರಳ ಸಂದೀಲಿ ಅವಳ ಅನ್ನ. ಸಾಕು, ಹಸಿವಾಗ್ತಿದೆ, ಡಬ್ಬಿ ಬಿಚ್ಚಿದೆ, ಆರಿ ಹೋಗಿದೆ, ಉಣ್ತೀನಿ, ನನ್ನ ಅಡುಗೆ ನಾನೇ, ಉಪ್ಪು ಸರಿಯಾಗಿದೆ, ಯಾರಿಗೆ ಹೇಳ್ಲಿ ಸರಿಯಾಗಿದೆ ಅಂತ — ಮೆಟ್ಟಿಲ ಮೇಲೆ ಹೆಜ್ಜೆ, ಯಾರೋ ಏದುಸಿರು ಬಿಡ್ತಾ ಹತ್ತುತಿದಾರೆ, ನಿಂತು, ಮತ್ತೆ ಹತ್ತಿ, ಅವನೇ, ಅವನೇ ಇರಬೇಕು, ಗಾಡಿ ಕೆಳಗೆ ಬಿಟ್ಟು — ಕಂಬದ ಆಚೆ ಪೊರಕೆ ಕಂಡಿತು, ಮಾರ್ಕೆಟ್ಟಿನ ಕಾವಲುಗಾರ, ನನ್ನ ಕಡೆ ನೋಡ್ಲೂ ಇಲ್ಲ, ನನ್ನ ಕೈ ತಾನಾಗೇ ಮೇಲಕ್ಕೆ ಹೋಯ್ತು, ಕರಿಬು, ಅಂದೆ, ಹೊಟ್ಟೆ ತುಂಬಿದೆ ಅಂತ ಗೊಣಗಿ ಹೊರಟೇಹೋದ, ಆ ಕಡೆಯ ಮೆಟ್ಟಿಲು ಇಳಿದ, ಸದ್ದೂ ಇಳೀತು, ಕೈ ಇಳೀಲಿಲ್ಲ, ಅನ್ನ ಹಿಡಿದ ಕೈ, ಎತ್ತಿದ ಕೈ