ಪಿಳ್ಳಪ್ಪನವರ ಬೋರ್‌ವೆಲ್ ನೀರು

ಆ ಮಂಗಳವಾರ ಬಾಟಲಿಗೆ ತುಂಬಿದ ನೀರು ಒಂಚೂರೂ ನಾರಲಿಲ್ಲ. ನನಗೆ ಸಿಟ್ಟು ಹತ್ತಿದ್ದು ಅಲ್ಲಿಂದಲೇ.

ತಣಿಸಂದ್ರದ ಅಪಾರ್ಟ್‌ಮೆಂಟುಗಳು ತಮ್ಮ ಕೊಳಚೆಯನ್ನು ಶುದ್ಧ ಮಾಡಿಯೇ ಕೆರೆಗೆ ಬಿಡುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಸಂಶೋಧನೆಯ ಕೆಲಸ. ಹೋಗುವ ದಿನವನ್ನು ಮೊದಲೇ ತಿಳಿಸಬೇಕೆಂಬ ನಿಯಮ ಬೇರೆ. ತಿಳಿಸಿದರೆ ಏನಾಗುತ್ತದೆ ಎಂಬುದು ಈ ಕಡೆ ಎಲ್ಲರಿಗೂ ಗೊತ್ತು. ಶುದ್ಧೀಕರಣ ಘಟಕದ ಕೊನೆಯ ತೊಟ್ಟಿ ಖಾಲಿ ಮಾಡಿ, ಬೋರ್‌ವೆಲ್ ನೀರು ತುಂಬಿಸಿ, ಮೇಡಂಗೆ ಒಂದು ಎಳನೀರು ಕೊಟ್ಟು ಕಳಿಸುತ್ತಾರೆ. ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವ ಜನ.

ಒಂಬತ್ತು ದಿನ ಬಿಟ್ಟು ವರದಿ ಹಿಡಿದುಕೊಂಡು, ಆ ನೀರು ತುಂಬಿಕೊಂಡಿದ್ದ ಅಪಾರ್ಟ್‌ಮೆಂಟಿನ ಮಾಲೀಕ ಪಿಳ್ಳಪ್ಪನವರ ಕಚೇರಿಗೆ ಹೋದೆ. ತಮ್ಮ ರಾಗಿ ಹೊಲದಲ್ಲೇ ನೂರಿಪ್ಪತ್ತು ಮನೆ ಎಬ್ಬಿಸಿದವರು. ಕೆಳಗೆ ಕಚೇರಿ, ಮೇಲೆ ಸಂಸಾರ.

"ಪಾಸ್ ತಾನೆ?" ಎಂದರು, ಮೊಬೈಲಿನಿಂದ ಕಣ್ಣೆತ್ತದೆ.

"ಕೆರಿಗೆ ಬಿಡಾಕ ಪಾಸ್ ರೀ. ಆದ್ರ ಘಟಕದ ನೀರಾಗ ಇರೋವಷ್ಟು ಸಾಬೂನಿನ ಅಂಶ ಇದರಾಗ ಇಲ್ಲ. ಇದು ಘಟಕದ ನೀರಲ್ಲ, ನಿಮ್ಮ ಬೋರಿಂದು. ಮಲದ ಕ್ರಿಮಿ ಅದಾವು. ಕೆರಿಗೆ ಅಷ್ಟು ನಡೀತೈತಿ, ಕುಡಿಯಾಕ ನಡಿಯಂಗಿಲ್ಲ. ಕೊಳಚಿ ತೊಟ್ಟಿ ಬಿರುಕು ಬಿಟ್ಟು ಬೋರಿಗೆ ಇಳಿಯಾಕತ್ತೈತಿ. ನೂರಿಪ್ಪತ್ತು ಮನಿಯವರು ಅದನ್ನ ಕುಡಿಯಾಕತ್ತಾರ. ಬೋರಿಂದು ಅಂತ ಒಪ್ಪಿಕೊಂಡು ಇವತ್ತೇ ಬಂದ್ ಮಾಡ್ರಿ."

"ಅದು ಘಟಕದ್ದೇ. ಪಾಸ್ ಅಂತ ನೀನೇ ಅಂದ್ಯಲ್ಲಮ್ಮ, ಸೈನ್ ಆಕಿ ಓಗು."

"ಹಂಗಿದ್ರ ನಿಮ್ಮ ನಳದಿಂದ ಒಂದು ಬಾಟಲಿ ತುಂಬ್ಕೊಳ್ತೀನಿ."

"ನಲ್ಲಿ ಮುಟ್ಟಿದ್ರೆ ಗೇಟಿಂದಾಚೆ ಆಕುಸ್ತೀನಿ. ನಮ್ ತಾತ ಈ ಕೆರೆ ತೂಬು ಎತ್ತಿ ಊರಿಗೆಲ್ಲ ನೀರು ಬಿಟ್ಟೋನು. ಬಾಗಲಕೋಟೆಯಿಂದ ಬಂದೋಳು ನನ್‌ಗೆ ನೀರಿನ ಪಾಠ ಮಾಡ್ತಾಳೆ."

"ನಿಮ್ಮ ತಾತ ಬಿಟ್ಟಿದ್ದು ನೀರು ರೀ. ನೀವು ಬಿಡಾಕತ್ತಿದ್ದು ಏನಂತ ಈ ಹಾಳ್ಯಾಗ ಐತಿ."

ಅಷ್ಟರಲ್ಲಿ ಮೆಟ್ಟಿಲಿಳಿದು ಇಂದು ಎಂಬ ಅವರ ಸೊಸೆ ಬಂದಳು. ತಲೆ ಬಾಚಿರಲಿಲ್ಲ, ಕೈಯಲ್ಲಿ ಮಗುವಿನ ಬಟ್ಟೆಯ ಚೀಲ.

"ಮಾವ, ಗಿರಿ ಫೋನ್ ಮಾಡಿದ್ರು. ಇವತ್ತೂ ಪಾಪೂನ ಡಿಸ್ಚಾರ್ಜ್ ಮಾಡಲ್ವಂತೆ."

ಗಿರಿ ಅವಳ ಗಂಡ, ಘಟಕದ ಉಸ್ತುವಾರಿಯೂ ಅವನದೇ. ಪಾಪುವಿಗೆ ಏನಾಗಿದೆ ಎಂದು ಕೇಳಿದೆ.

"ಭಾನುವಾರದಿಂದ ವಾಂತಿ, ಭೇದಿ. ಹನ್ನೊಂದು ತಿಂಗಳ ಮಗು, ಕೈಗೆ ಡ್ರಿಪ್ ಹಾಕಿದ್ದಾರೆ."

"ಕುಡಿಯಾಕ ಯಾವ ನೀರು ಕೊಡ್ತೀರಿ?"

"ನಲ್ಲೀದೇ. ಫಿಲ್ಟರ್ ಕೆಟ್ಟಿತ್ತು. ನಮ್ ಬೋರ್ ನೀರಿಗೆ ಫಿಲ್ಟರ್ ಬೇರೆ ಬೇಕಾ ಅಂತಾರಲ್ಲ ಮಾವ."

ನಾನು ಪಿಳ್ಳಪ್ಪನವರ ಕಡೆ ತಿರುಗಿದೆ. "ಈಗ ಹೇಳ್ರಿ. ಇದು ಎಲ್ಲಿ ನೀರು?"

ಅವರು ಸೊಸೆಯನ್ನು ನೋಡಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ, ಅನುಮತಿಗೆ ಕಾದಿದ್ದ ಎರಡನೇ ಕಟ್ಟಡದ ನಕ್ಷೆಯನ್ನು ನೋಡಿದರು.

"ಘಟಕದ್ದು," ಎಂದರು.

ಎದ್ದು ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಸೊಸೆಯೇ ಬಾಯಿ ತೆರೆದಳು. "ಮಾವ, ಮೇಡಂ ಬರ್ತಾರೆ ಅಂತ ಅವತ್ತು ಗಿರಿ ಬೋರ್ ಪೈಪನ್ನ ಆ ತೊಟ್ಟಿಗೆ ಬಿಟ್ರಲ್ಲ, ನೀವೇ ಹೇಳಿ ಬಿಡಿಸಿದ್ದು. ನಾನು ಬಾಲ್ಕನಿಲಿ ನಿಂತಿದ್ದೆ."

ಪಿಳ್ಳಪ್ಪನವರ ತಲೆ ತಗ್ಗಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಸ್ಪತ್ರೆಯಲ್ಲಿ ಒಂದು ಮಗು ಡ್ರಿಪ್ಪಿನಲ್ಲಿದೆ ಎಂದು ಗೊತ್ತಿದ್ದೂ ಖುಷಿಯಾಯಿತು. ವರದಿಯನ್ನು ಇಂದುವಿನ ಕೈಗಿಟ್ಟು, "ಡಾಕ್ಟರಿಗೆ ತೋರಿಸ್ರಿ," ಎಂದೆ.

ಅವಳು ಒಂದೊಂದೇ ಸಾಲು ಓದಿದಳು. ಪ್ರತಿ ಪರೀಕ್ಷೆಯ ಪಕ್ಕ ಅದರ ಫಲಿತಾಂಶ ಬಂದ ದಿನಾಂಕ ಇರುತ್ತದೆ. ಅವಳ ಬೆರಳು ಅಲ್ಲಿ ನಿಂತಿತು.

"ಕ್ರಿಮಿ ಇದೆ ಅಂತ ಹೋದ ಗುರುವಾರಾನೇ ಬಂದಿದೆ. ಪಾಪು ಹುಷಾರು ತಪ್ಪಿದ್ದು ಭಾನುವಾರ."

"ಉಳಿದ ಪರೀಕ್ಷೆ ಮುಗೀಬೇಕಿತ್ತು ರೀ," ಎಂದೆ. "ಪೂರ್ತಿ ವರದಿ ಇಲ್ಲದಿದ್ರ ಇವರು ನುಣುಚ್ಕೊಳ್ತಿದ್ರು."

"ಒಂದು ಫೋನ್ ಮಾಡ್ಬಹುದಿತ್ತು."

"ಮಾಡಬಹುದಿತ್ತು. ಇವರನ್ನ ಸರಿಯಾಗಿ ಹಿಡೀಬೇಕಂತ ಕಾದೆ."

ಪಿಳ್ಳಪ್ಪನವರು ಈಗ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಸೊಸೆ ವರದಿಯನ್ನು ಮಡಚಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು.

"ಮಾವ, ಬೋರ್ ಮೋಟರ್ ಆಫ್ ಮಾಡ್ಸಿ. ಮೇಡಂ, ನೀವು ಮನೆಮನೆಗೂ ಹೋಗಿ ನೀರು ಕುಡೀಬೇಡಿ ಅಂತ ಹೇಳಿ. ನಿಮಗೆ ಯಾವತ್ತಿಂದ ಗೊತ್ತು ಅಂತಾನೂ ಹೇಳಿ."

ಅವಳು ಆಟೋ ಹತ್ತಿ ಹೋದಳು. ನಾನು ಮೊದಲ ಮಹಡಿಯಿಂದ ಶುರುಮಾಡಿದೆ. ಮೊದಲ ಮೂರು ಬಾಗಿಲಲ್ಲೂ ಪಿಳ್ಳಪ್ಪನವರನ್ನು ಬಾಯಿಗೆ ಬಂದಂತೆ ಬೈದೆ. ಗುರುವಾರದ ಮಾತು ಹೊರಬೀಳಲು ನಾಲ್ಕನೇ ಮನೆಯವರೆಗೆ ಹೋಗಬೇಕಾಯಿತು.